ಹುಳು ಮುಟ್ಟದ ಹಾಳೆ

ಸೂಜಿ ಸಲೀಸಾಗಿ ಇಳಿಯುತ್ತಿತ್ತು.

ಬಂದರಿನ ದಾಖಲೆಮನೆಯಲ್ಲಿ ಪುಸ್ತಕ ಹೊಲಿಯುವ ಬೈಂಡರಣ್ಣ ಹಡಗಿನ ಹಳೆಯ ಲಾಗ್ ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ, ರಟ್ಟಿನ ಮೂಲೆಯಲ್ಲಿ ಹುಳು ಕೊರೆದ ಸಾಸಿವೆ ಕಾಳಿನಷ್ಟು ತೂತಿಗೆ ಉದ್ದನೆಯ ಹೊಲಿಗೆ ಸೂಜಿ ಬಿಟ್ಟಿದ್ದ. ಹಾಳೆ ಹಾಳೆಯಾಗಿ ಮಗುಚುತ್ತ, ಪ್ರತಿ ಹಾಳೆಗೂ ಸೂಜಿಯ ಮೊನೆ ಆಚೆ ಬರುವುದನ್ನು ನೋಡುತ್ತ ಎಣಿಸುತ್ತಿದ್ದ. ನಲವತ್ತು. ನಲವತ್ತೊಂದು. ನಲವತ್ತೆರಡು.

ನಲವತ್ಮೂರರಲ್ಲಿ ಸೂಜಿ ನಿಂತಿತು.

ಅವನು ತುಸು ಒತ್ತಿದ. ಹಾಳೆ ಡೊಂಕಾಯಿತೇ ಹೊರತು ದಾರಿ ಬಿಡಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ ಮುಂದಿನದನ್ನು ನೋಡಿದರೆ ಅಲ್ಲಿ ಮತ್ತೆ ಅದೇ ತೂತು, ಅದೇ ಜಾಗದಲ್ಲಿ.

ಇನ್‌ಸ್ಪೆಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಕಸ್ಟಮ್ಸ್ ಕೆಲಸ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಬಂದರಿನವರ ಬಾಯಲ್ಲಿ ಅವಳು ಇನ್ನೂ ಇನ್‌ಸ್ಪೆಕ್ಟರಮ್ಮನೇ. ಮೂವತ್ತು ವರ್ಷ ಪೆಟ್ಟಿಗೆಗಳ ಸುಳ್ಳು ತಳ ಹುಡುಕಿದ ಕಣ್ಣು ಅದು. ಆದರೆ ಪುಸ್ತಕಕ್ಕೂ ಸುಳ್ಳು ತಳ ಇರುತ್ತದೆಂದು ಇವತ್ತೇ ನೋಡಿದ್ದು.

"ಹುಳು ಹಾರಿ ಹೋಗಲ್ಲಮ್ಮಾ," ಎಂದ ಬೈಂಡರಣ್ಣ. "ನಲವತ್ತೆರಡು ತಿಂದು, ಒಂದನ್ನ ಬಿಟ್ಟು, ನಲವತ್ನಾಲ್ಕರಿಂದ ಮತ್ತೆ ಶುರು ಮಾಡಕ್ಕೆ ಅದೇನು ಉಪವಾಸ ಮಾಡ್ತಿತ್ತಾ?"

ಆಮೇಲಿನದನ್ನು ಅವನು ಬಿಡಿಸಿ ಹೇಳಿದ. ಹುಳು ತಿಂದದ್ದು ಪುಸ್ತಕ ಇನ್ನೂ ಹಡಗು ಕಂಪನಿಯ ಗೋದಾಮಿನಲ್ಲಿದ್ದಾಗ. ಅದಾದ ಮೇಲೆ ಯಾರೋ ಮೂಲ ಹಾಳೆಯನ್ನು ಬುಡದಲ್ಲಿ ಕತ್ತರಿಸಿ ಬೇರೆಯದನ್ನು ಅಂಟಿಸಿದ್ದಾರೆ. ಅಂಟು ಹಳದಿಯಾಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ನಿನ್ನೆ ಮೊನ್ನೆಯದಲ್ಲ, ಇಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟು. ಇಷ್ಟು ಹೇಳಿ ಅವನು ಸುಮ್ಮನಾದ. ಬೆರಳಿನಿಂದ ಆ ಅಂಟಿನ ಗೆರೆಯನ್ನು ಎರಡು ಸಲ ಸವರಿ ಕೈ ಹಿಂದಕ್ಕೆ ತೆಗೆದುಕೊಂಡ.

ಇನ್‌ಸ್ಪೆಕ್ಟರಮ್ಮನಿಗೆ ಆ ಮೌನ ಕೇಳಿಸಿತು. ಆದರೆ ಅವಳ ಕಣ್ಣು ಆಗಲೇ ಬರಹದ ಮೇಲೆ ಇಳಿದಿತ್ತು.

ಗಾಳಿ ಯಾವ ಕಡೆಯಿಂದ, ಅಲೆ ಎಷ್ಟು, ಹಡಗು ಎಲ್ಲಿ ಎಂದು ಕ್ಯಾಪ್ಟನ್ ದಿನವೂ ತನ್ನ ಕೈಯಾರೆ ಬರೆದಿಡುವ ಪುಸ್ತಕ ಅದು. ನಲವತ್ಮೂರನೇ ಹಾಳೆಯಲ್ಲಿ ಹೀಗಿತ್ತು: "ಬೆಳಗಿನ ಜಾವ ನಾಲ್ಕು ಇಪ್ಪತ್ತು. ಗಾಳಿ ಜೋರು, ಸಮುದ್ರ ಒರಟು. ನಮ್ಮ ರೇಡಿಯೋ ಆಪರೇಟರ್ ಡೆಕ್ಕಿನ ಮೇಲಿಂದ ಅಲೆಯ ಪಾಲಾದ. ಹಡಗು ತಿರುಗಿಸಿ ಮೂರು ಗಂಟೆ ಹುಡುಕಿದೆವು, ಸಿಗಲಿಲ್ಲ. ಒಳ್ಳೆಯ ಮನುಷ್ಯ. ಕೊನೆಯವರೆಗೂ ಮನೆಯದೇ ಮಾತಾಡುತ್ತಿದ್ದ."

ಮೂವತ್ತನಾಲ್ಕು ವರ್ಷದ ಹಿಂದೆ ಹೀಗೆ ಅಲೆಯ ಪಾಲಾದವನ ಹೆಂಡತಿಯೇ ಈಗ ಇನ್‌ಸ್ಪೆಕ್ಟರಮ್ಮನನ್ನು ಈ ಪತ್ತೇದಾರಿ ಕೆಲಸಕ್ಕೆ ಹಚ್ಚಿದವಳು. ಈ ದಾಖಲೆಮನೆಯ ಮೇಲ್ವಿಚಾರಕ ದಫ್ತರಪ್ಪ, ಆ ಹೆಂಗಸಿನ ಒಡಹುಟ್ಟಿದ ಅಣ್ಣ, ಹನ್ನೆರಡು ದಿನದ ಹಿಂದೆ ಒಳಕೋಣೆಯ ಕಬ್ಬಿಣದ ಏಣಿಯಿಂದ ಬಿದ್ದು ಸತ್ತಿದ್ದ. ಅಪಘಾತ ಎಂದು ಪೊಲೀಸರು ಕೈತೊಳೆದುಕೊಂಡರು. ಮಂಡಿ ನೋವಿನವನು, ಮೂರು ವರ್ಷದಿಂದ ಏಣಿ ಹತ್ತಿದವನೇ ಅಲ್ಲ ಎಂದು ತಂಗಿ.

*

ಮಧ್ಯಾಹ್ನದ ಬಿಸಿಲು ಎತ್ತರದ ಕಿಟಕಿಯಿಂದ ಓದುವ ಕೋಣೆಯ ಮೇಜುಗಳ ಮೇಲೆ ಬಿದ್ದಿತ್ತು. ಹನ್ನೆರಡು ಕುರ್ಚಿ, ಹನ್ನೆರಡೂ ಖಾಲಿ.

ಎಂಟು ದಿನದಿಂದ ಅವಳು ಇಲ್ಲಿಗೆ ಬರುತ್ತಿದ್ದಾಳೆ. ಒಳಕೋಣೆಯಲ್ಲಿ ಸೂರಿನವರೆಗೂ ಪೆಟ್ಟಿಗೆಗಳು. ಸರಕಿನ ಪಟ್ಟಿ, ನಾವಿಕರ ಹಾಜರಿ, ದೀಪಸ್ತಂಭದ ಹವಾಮಾನ ಟಿಪ್ಪಣಿ, ತಲುಪದೇ ಹೋದ ಕಾಗದಗಳು. ಪ್ರತಿ ಪೆಟ್ಟಿಗೆಯಲ್ಲೂ ದಫ್ತರಪ್ಪನ ದುಂಡನೆಯ ಅಕ್ಷರದ ಒಂದು ಚೀಟಿ. ಒಂದರಲ್ಲಿ ಹೀಗಿತ್ತು: "ಇದನ್ನು ಹನ್ನೊಂದು ವರ್ಷದಿಂದ ಯಾರೂ ಕೇಳಿಲ್ಲ. ಆದರೂ ವರ್ಷಕ್ಕೊಮ್ಮೆ ಗಾಳಿಗೆ ಇಡುತ್ತೇನೆ. ಕಾಗದಕ್ಕೂ ಯಾರೋ ಒಬ್ಬರು ಮುಟ್ಟಬೇಕು."

ಆ ಚೀಟಿ ಓದಿದ ದಿನ ಅವಳು ಬಾಡಿಗೆ ಕೋಣೆಗೆ ಹಿಂತಿರುಗಿ ದೀಪ ಹಾಕದೆ ಬಹಳ ಹೊತ್ತು ಕೂತಿದ್ದಳು. ತಾಯಿ ತೀರಿಕೊಂಡ ಮೇಲೆ ಅವಳನ್ನು "ಊಟ ಆಯ್ತಾ" ಎಂದು ಕೇಳುವವರಿರಲಿಲ್ಲ. ಈ ಎಂಟು ದಿನದಲ್ಲಿ ಕೇಳಿದವನು ಬೈಂಡರಣ್ಣ ಒಬ್ಬನೇ. ಮುಖ ನೋಡದ ಈ ದಫ್ತರಪ್ಪ ಬದುಕಿದ್ದರೆ ಅವನೂ ಕೇಳುತ್ತಿದ್ದ ಎಂದು ಅವಳಿಗೆ ಯಾಕೋ ಅನ್ನಿಸಿತ್ತು. ಸತ್ತವರ ಮೇಲೆ ಹೀಗೆ ಮಮತೆ ಬೆಳೆಸಿಕೊಳ್ಳುವುದು ಪತ್ತೇದಾರಿಕೆಗೆ ಒಳ್ಳೆಯದಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆದದ್ದು.

ಬಾಗಿಲ ಬಳಿ ಓದುಗರ ಸಹಿ ಪುಸ್ತಕ ಇತ್ತು. ಅದರಲ್ಲಿ ಒಂದು ಸಹಿ ಇಪ್ಪತ್ತೊಂದು ವರ್ಷದಿಂದ, ವರ್ಷಕ್ಕೊಂದೇ ಸಲ, ಒಂದೇ ತಾರೀಕಿಗೆ ಬಿದ್ದಿತ್ತು. ತಂಗಿಯದು. ಗಂಡ ಹೋದ ದಿನ ಅವಳು ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ನಲವತ್ಮೂರನೇ ಹಾಳೆ ಓದಿ, ಮುಚ್ಚಿಟ್ಟು ಹೋಗುತ್ತಿದ್ದಳಂತೆ. ಹೆಣ ಸಿಗದವನಿಗೆ ಸಮಾಧಿ ಎಲ್ಲಿಂದ ಬರಬೇಕು? ಆ ಹಾಳೆಯೇ ಸಮಾಧಿ. ಈಗ ನೋಡಿದರೆ ಅದೂ ಸುಳ್ಳು.

ಅದೇ ಪುಸ್ತಕದಲ್ಲಿ ಎರಡು ತಿಂಗಳ ಹಿಂದಿನ ಇನ್ನೊಂದು ಸಹಿ. ಆ ಹಡಗಿನ ಕ್ಯಾಪ್ಟನ್ ಖುದ್ದಾಗಿ ಬಂದು ತನ್ನ ಹಳೆಯ ಲಾಗ್ ಕೇಳಿ ತೆಗೆಸಿ ಅರ್ಧ ದಿನ ಕೂತಿದ್ದರು. ಹೋಗುವಾಗ ದಫ್ತರಪ್ಪನ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದರು, ಒಳಗೆ ದನಿ ಏರಿತ್ತು ಎಂದು ಬೈಂಡರಣ್ಣ ಹೇಳಿದ್ದ. ಅದನ್ನು ಕೇಳಿಯೇ ಅವಳು ಇವತ್ತು ಆ ಲಾಗ್ ತೆಗೆಸಿದ್ದು.

ಇನ್‌ಸ್ಪೆಕ್ಟರಮ್ಮನ ತಲೆಯಲ್ಲಿ ಲೆಕ್ಕ ಕೂಡಿತು. ಆ ಬೆಳಗಿನ ಜಾವ ಹಡಗಿನಲ್ಲಿ ಏನೋ ಆಗಬಾರದ್ದು ಆಗಿದೆ. ಬಹುಶಃ ಹುಡುಕಲೇ ಇಲ್ಲ. ಬಹುಶಃ ಅವನು ತಾನಾಗಿ ಬೀಳಲಿಲ್ಲ. ಕ್ಯಾಪ್ಟನ್ ನಿಜದ ಹಾಳೆ ಕತ್ತರಿಸಿ ಸುಳ್ಳಿನದನ್ನು ಅಂಟಿಸಿದರು. ಅದನ್ನು ದಫ್ತರಪ್ಪ ಪತ್ತೆ ಮಾಡಿದ. ಏಣಿಯಿಂದ ಬಿದ್ದ.

*

ನಿವೃತ್ತ ನಾವಿಕರ ವಸತಿ ಹಗ್ಗ, ಬಣ್ಣ, ಲಂಗರಿನ ಸರಪಳಿ ಮಾರುವ ಬೀದಿಯ ತುದಿಯಲ್ಲಿತ್ತು. ಮೂರನೇ ಮಹಡಿಯ ಕೊನೆಯ ಕೋಣೆ. ಅರ್ಧ ಆಯುಷ್ಯ ಸಮುದ್ರ ನೋಡಿದ ಮನುಷ್ಯನಿಗೆ ಕೊಟ್ಟ ಕಿಟಕಿ ಪಕ್ಕದ ಗೋದಾಮಿನ ಗೋಡೆಗೆ ತೆರೆದುಕೊಂಡಿತ್ತು.

ಕ್ಯಾಪ್ಟನ್‌ಗೆ ಎಂಬತ್ತೆರಡು. ಬೆನ್ನು ಮಾತ್ರ ಇನ್ನೂ ಕೊಡೆಯ ಕೋಲು. ಬಂದವಳನ್ನು ಇರುವ ಒಂದೇ ಕುರ್ಚಿಯಲ್ಲಿ ಕೂರಿಸಿ ತಾವು ಮಂಚದ ಅಂಚಿನಲ್ಲಿ ಕೂತರು. ಚಹಾ ತರಿಸಲೇ ಎಂದರು. ಬೇಡವೆಂದರೂ ತರಿಸಿದರು. ಬಂದವರು ಬೇಗ ಎದ್ದು ಹೋಗದಿರಲಿ ಎನ್ನುವವರ ಉಪಚಾರ ಅದು. ಇನ್‌ಸ್ಪೆಕ್ಟರಮ್ಮನಿಗೆ ಅದರ ಗುರುತು ಚೆನ್ನಾಗಿಯೇ ಇತ್ತು.

ಅವಳು ಸುತ್ತಿ ಬಳಸಲಿಲ್ಲ. ಸೂಜಿಯ ಕಥೆ ಹೇಳಿದಳು. ಹುಳು ಮುಟ್ಟದ ಹಾಳೆ, ಹಳದಿ ಅಂಟು, ಎರಡು ತಿಂಗಳ ಹಿಂದಿನ ಸಹಿ, ಏರಿದ ದನಿ, ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟಳು. ಇಟ್ಟು ಅವರ ಮುಖ ನೋಡುತ್ತ ಕಾದಳು. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಳ್ಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು.

ಈ ಮುದುಕ ಹೆಗಲು ಮುಟ್ಟಿಕೊಳ್ಳಲಿಲ್ಲ. ನಕ್ಕರು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ.

"ಆ ಹಾಳೇಲಿ ಏನು ಬರೆದಿದೆ, ಓದಿ."

ಬರೆದುಕೊಂಡು ಬಂದದ್ದನ್ನು ಅವಳು ಓದಿದಳು. ಕೊನೆಯ ಎರಡು ವಾಕ್ಯ ಬಂದಾಗ ಕ್ಯಾಪ್ಟನ್ ಕೈ ಎತ್ತಿ ನಿಲ್ಲಿಸಿದರು.

"ಒಳ್ಳೆ ಮನುಷ್ಯ. ಮನೇದೇ ಮಾತಾಡ್ತಿದ್ದ. ಮೂವತ್ತೊಂದು ವರ್ಷ ಲಾಗ್ ಬರೆದಿದ್ದೀನಿ ನಾನು. ಗಾಳಿ ಬರೀತೀವಿ, ಅಲೆ ಬರೀತೀವಿ. ಸತ್ತೋನು ಒಳ್ಳೇವ್ನೋ ಕೆಟ್ಟೋನೋ ಅಂತ ಯಾವ ಕ್ಯಾಪ್ಟನ್ ಬರೀತಾನಮ್ಮಾ? ಅದು ಲಾಗ್ ಅಲ್ಲ. ಅದು ಯಾರೋ ತಂಗಿಗೆ ಬರೆದ ಕಾಗದ."

ಇನ್‌ಸ್ಪೆಕ್ಟರಮ್ಮನ ಕೈಯಲ್ಲಿದ್ದ ಚೀಟಿ ಹಾಗೇ ನಿಂತಿತು.

ಅಚ್ಚುಕಟ್ಟಾದ ಕೆಲಸ ಎಂದಿದ್ದ ಬೈಂಡರಣ್ಣ. ಆಮೇಲೆ ಮಾತು ನಿಲ್ಲಿಸಿದ್ದ. ಆ ಅಂಟು ಯಾರು ಕಾಯಿಸಿದ್ದೆಂದು ಅವನ ಬೆರಳಿಗೆ ಗೊತ್ತಾಗಿರಬೇಕು. ಅದು ದಾಖಲೆಮನೆಯದೇ ಅಂಟು, ಅವನದೇ ಮಡಕೆಯದು.

ಕ್ಯಾಪ್ಟನ್ ನಿಧಾನವಾಗಿ ಹೇಳಿದರು. ತಮ್ಮ ಹಡಗಿನಿಂದ ಯಾರೂ ಸಮುದ್ರಕ್ಕೆ ಬಿದ್ದು ಸತ್ತಿಲ್ಲ. ರೇಡಿಯೋ ಆಪರೇಟರ್ ಒಂದು ದೂರದ ಬಂದರಿನಲ್ಲಿ ಬೆಳಿಗ್ಗೆ ಕೆಳಗಿಳಿದವನು ಹಿಂತಿರುಗಲಿಲ್ಲ. ಲಂಗರು ಎತ್ತುವುದನ್ನು ತಡೆದು ಆರು ಗಂಟೆ ಕಾದರು. ಅವನು ಬರಲಿಲ್ಲ, ಬಂದದ್ದು ಒಂದು ಚೀಟಿ. ತನಗಾಗಿ ಕಾಯಬೇಡಿ, ಇನ್ನು ಮನೆಗೆ ಹೋಗಲಾರೆ ಎಂದು. ಅದನ್ನೇ ಲಾಗ್‌ನಲ್ಲಿ ಬರೆದು ಕಂಪನಿಗೆ ತಂತಿ ಕಳಿಸಿದರು.

ಕಂಪನಿಯಲ್ಲಿ ಆ ತಂತಿ ತೆಗೆದುಕೊಂಡ ಗುಮಾಸ್ತ ದಫ್ತರಪ್ಪ.

ಗಂಡ ಬಿಟ್ಟು ಹೋದ ಎಂದು ತಂಗಿಗೆ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಸತ್ತ ಎಂದುಬಿಟ್ಟ. ಬಿಟ್ಟು ಹೋದ ಅಂದರೆ ಊರಿನ ಬಾಯಿಗೆ ಆಹಾರ, ಸತ್ತ ಅಂದರೆ ನಾಲ್ಕು ಜನರ ಕಣ್ಣೀರು. ಕಂಪನಿ ಮುಚ್ಚಿ ಅದರ ಕಾಗದಗಳೆಲ್ಲ ದಾಖಲೆಮನೆಗೆ ಬಂದಾಗ ಅವನೂ ಅವುಗಳ ಜೊತೆಗೇ ಬಂದ. ಆಗ ತಂಗಿ, ಅವರ ಕೊನೆಯ ದಿನದ ಹಾಳೆ ಅಲ್ಲಿದೆಯಂತಲ್ಲ ಅಣ್ಣಾ, ಒಂದು ಸಲ ತೋರಿಸು ಎಂದಳು. ತೋರಿಸಲು ಹಾಳೆ ಬೇಕಿತ್ತು. ಮಾಡಿದ.

"ನನ್ನ ಅಕ್ಷರ ನನಗಿಂತ ಚೆನ್ನಾಗಿ ಬರೆದಿದ್ದ," ಎಂದರು ಕ್ಯಾಪ್ಟನ್. "ಸಾಯೋ ಮುಂಚೆ ನನ್ನ ಹಡಗಿನ ಲಾಗ್ ಒಂದ್ಸಲ ಓದಣ ಅಂತ ಹೋದ್ರೆ, ನನ್ನ ತಲೆ ಮೇಲೆ ಇಲ್ಲದ ಸಾವು ಕೂತಿತ್ತು. ಅದಕ್ಕೇ ದನಿ ಏರ್ತು."

ದಫ್ತರಪ್ಪ ಅವರ ಕಾಲು ಹಿಡಿದನಂತೆ. ಮೂಲ ಹಾಳೆ ತನ್ನ ಹತ್ತಿರವೇ ಇದೆ, ಅದನ್ನು ಸುಡಲು ಮನಸ್ಸು ಬರಲಿಲ್ಲ, ಆದರೆ ಈಗ ತಂಗಿಗೆ ತೋರಿಸಲಾರೆ ಎಂದು ಅತ್ತನಂತೆ. ಕ್ಯಾಪ್ಟನ್ ಮನಸ್ಸು ಕರಗಲಿಲ್ಲ. ನೀನು ಹೇಳದಿದ್ದರೆ ಅವನೇ ಬಂದು ಹೇಳಲಿ ಎಂದು ಬಂದುಬಿಟ್ಟರು.

ಯಾರು ಬಂದು ಹೇಳಲಿ ಎಂದು ಇನ್‌ಸ್ಪೆಕ್ಟರಮ್ಮ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು.

ಕ್ಯಾಪ್ಟನ್ ಎದ್ದು ದಿಂಬಿನ ಕೆಳಗಿನಿಂದ ಒಂದು ಲಕೋಟೆ ತೆಗೆದರು. ಆ ದೂರದ ಬಂದರಿನಲ್ಲೇ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು ಕೂತಿದ್ದವನನ್ನು ಅವರು ಎಷ್ಟೋ ವರ್ಷದ ಕೆಳಗೆ ಒಮ್ಮೆ ಕಂಡಿದ್ದರು. ವಿಳಾಸ ಇಟ್ಟುಕೊಂಡಿದ್ದರು. ಎರಡು ತಿಂಗಳ ಹಿಂದೆ ದಾಖಲೆಮನೆಯಿಂದ ಬಂದ ಸಂಜೆಯೇ ಅವನಿಗೆ ಬರೆದರು. ಉತ್ತರ ಹೋದ ತಿಂಗಳು ಬಂತು. ಮೂರೇ ಸಾಲು. ಅಂಗಡಿ ಮಾರಿದ್ದೇನೆ. ಮುಂದಿನ ತಿಂಗಳು ಏಳನೇ ತಾರೀಕು ಬರುತ್ತೇನೆ. ಮೊದಲು ನಿಮ್ಮನ್ನು ಕಂಡು ಆಮೇಲೆ ಅವಳನ್ನು ಕಾಣುತ್ತೇನೆ.

"ಬಂದ್ರಾ?"

"ನನ್ನ ಹತ್ತಿರ ಬರಲಿಲ್ಲ," ಎಂದರು ಕ್ಯಾಪ್ಟನ್. "ಆರು ಗಂಟೆ ಕಾದೋನಿಗೆ ಒಂದು ದಿನ ಕಾಯೋದು ಕಷ್ಟಾನಾ? ಕಾದೆ. ಆಮೇಲೆ ದಫ್ತರಪ್ಪ ಸತ್ತ ಸುದ್ದಿ ಬಂತು. ಸತ್ತೋನ ಸುಳ್ಳನ್ನ ಬಯಲು ಮಾಡಿ ಇನ್ನೇನು ಅಂತ ಸುಮ್ಮನಾದೆ."

ಏಳನೇ ತಾರೀಕು. ದಫ್ತರಪ್ಪ ಏಣಿಯಿಂದ ಬಿದ್ದದ್ದು ಎಂಟಕ್ಕೆ.

ಅವಳು ಎದ್ದಳು. ಕ್ಯಾಪ್ಟನ್ ಬಾಗಿಲವರೆಗೆ ಬಂದು, ಚಹಾ ಹಾಗೇ ಇದೆಯಲ್ಲ ಎಂದರು.

*

ತಂಗಿಯ ಮನೆಗೆ ಅರ್ಧ ಗಂಟೆಯ ನಡಿಗೆ. ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಹೇಳಬೇಕಾದ ಮಾತನ್ನು ನಾಲಿಗೆಗೆ ಹೊಂದಿಸಿಕೊಳ್ಳಲು ಅಷ್ಟು ದಾರಿ ಬೇಕಾಗಿತ್ತು.

ಕೆಲಸ ಮುಗಿಸಿದ ಜನ ಎದುರಿನಿಂದ ಬರುತ್ತಿದ್ದರು. ಒಬ್ಬೊಬ್ಬರಿಗೂ ಹೋಗಿ ಸೇರಲು ಒಂದು ಮನೆ ಇದ್ದ ಹಾಗಿತ್ತು. ಅವಳು ಗೋಡೆ ಬದಿಗೆ ಸರಿದು ನಡೆದಳು.

ದಫ್ತರಪ್ಪನ ಮೇಲೆ ಸಿಟ್ಟು ಬರಲಿ ಎಂದು ನೋಡಿದಳು. ಬರಲಿಲ್ಲ. ಎಂಟು ದಿನ ಯಾರ ಅಕ್ಷರವನ್ನು ನಂಬಿ ಕೂತಿದ್ದಳೋ ಅದೇ ಕೈ ಸುಳ್ಳು ಬರೆದಿತ್ತು. ಕಸ್ಟಮ್ಸ್‌ನಲ್ಲಿ ಸುಳ್ಳು ತಳದ ಕೆಳಗೆ ಚಿನ್ನವೋ ಗಡಿಯಾರವೋ ಸಿಗುತ್ತಿತ್ತು. ಇಲ್ಲಿ ಸಿಕ್ಕಿದ್ದು ತಂಗಿಯ ಮುಖ ಎದುರಿಸಲಾರದ ಒಬ್ಬ ಅಣ್ಣ. ಸಿಟ್ಟಿನ ಬದಲು, ಒಬ್ಬನೇ ಮೂವತ್ತನಾಲ್ಕು ವರ್ಷ ಅದನ್ನು ಹೊತ್ತನಲ್ಲ ಎನ್ನುವ ಸಂಕಟ.

ಈಗ ಆ ಹೊರೆ ಅವಳ ತಲೆಗೆ ಬಂದಿತ್ತು. ನಿಮ್ಮ ಯಜಮಾನರು ಸಾಯಲಿಲ್ಲಮ್ಮಾ, ನಿಮ್ಮನ್ನು ಬಿಟ್ಟು ಹೋದರು. ನೀವು ವರ್ಷ ವರ್ಷ ಓದಿ ಅತ್ತದ್ದು ನಿಮ್ಮ ಅಣ್ಣನ ಬರಹ. ಯಾವುದನ್ನು ಮೊದಲು ಹೇಳುವುದು? ಯಾವುದನ್ನು ಹೇಳಿದರೂ ಆ ಹೆಂಗಸು ಎರಡನೇ ಸಲ ವಿಧವೆಯಾಗುತ್ತಾಳೆ, ಈ ಸಲ ಅಳುವ ಹಕ್ಕೂ ಇಲ್ಲದೆ.

ತಂಗಿ ಹಡಗಿನ ಬಾವುಟ ಹೊಲಿದು ಬದುಕು ಮಾಡಿದವಳು. ಎರಡು ಕೋಣೆಯ ಮನೆಯ ಮುಂದಿನ ತಂತಿಯ ಮೇಲೆ ಹಳದಿ, ನೀಲಿ, ಕೆಂಪು ಚೌಕಗಳು ಒಣಗುತ್ತಿದ್ದವು. ಇಡೀ ದಿನ ಬೀದಿಗೆ ಕೇಳುತ್ತದೆಂದು ತಂಗಿಯೇ ಹೇಳಿದ್ದ ಹೊಲಿಗೆ ಯಂತ್ರದ ಸದ್ದು ಇವತ್ತು ಇರಲಿಲ್ಲ.

ಇನ್‌ಸ್ಪೆಕ್ಟರಮ್ಮ ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತಳು.

ಬಾಗಿಲ ಪಕ್ಕ ಒಂದು ಜೊತೆ ಗಂಡಸಿನ ಬೂಟು. ಹಳೆಯದು, ಆದರೆ ಈಗತಾನೆ ಪಾಲಿಶ್ ಹಾಕಿದ್ದು. ಅಣ್ಣನದಿರಬಹುದು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಇನ್ನೊಂದು ಸದ್ದು ಬಂತು. ರೇಡಿಯೋದ ಕೊರಕೊರ. ಯಾರೋ ಗುಂಡಿ ತಿರುಗಿಸುತ್ತಿದ್ದರು. ಒಂದು ದನಿ, ಅದು ಹೋಗಿ ಗಾಳಿಯಂಥ ಸದ್ದು, ಮತ್ತೊಂದು ದನಿ, ಮತ್ತೆ ಗಾಳಿ. ಅವಸರವಿಲ್ಲದೆ, ಕೂದಲೆಳೆಯಷ್ಟೇ ಅತ್ತಿತ್ತ ಸರಿಸುತ್ತ, ಪಳಗಿದ ಕೈಯವರು ತಿರುಗಿಸುವ ಹಾಗೆ.

ಬಾಗಿಲು ತೆರೆಯಿತು. ತಂಗಿ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು. ಅರವತ್ತು ದಾಟಿದ ಆ ಹೆಂಗಸು ಇನ್‌ಸ್ಪೆಕ್ಟರಮ್ಮ ಕಂಡ ಹಾಗೆ ಮೊದಲ ಸಲ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆಯಲ್ಲಿದ್ದಳು. ಕಣ್ಣು ಮಾತ್ರ ಎಷ್ಟೋ ದಿನದಿಂದ ನಿದ್ದೆ ಕಂಡಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

"ಯಾವತ್ತು ಬಂದ್ರು?" ಎಂದಷ್ಟೇ ಕೇಳಿದಳು.

"ಏಳನೇ ತಾರೀಕು," ಎಂದಳು ತಂಗಿ, ಪಿಸುದನಿಯಲ್ಲಿ. "ಸಾಯಂಕಾಲ. ಬಾಗಿಲು ತೆಗೆದೆ, ನಿಂತಿದ್ರು."

ಆಮೇಲೆ ಮಾತು ತುಂಡು ತುಂಡಾಗಿ ಬಂತು. ಆ ಸಂಜೆಯೇ ಎಲ್ಲ ಹೇಳಿದರು. ಹಾಳೆ ಸುಳ್ಳು, ಅಣ್ಣನಿಗೆ ಮೊದಲಿನಿಂದ ಗೊತ್ತು, ಎಲ್ಲ. ಮಾರನೇ ದಿನ ಬೆಳಿಗ್ಗೆ ಸ್ನಾನ ಮಾಡಿ ಹೊರಗೆ ಹೋದರು. ಮಧ್ಯಾಹ್ನ ಬಂದರು. ಊಟಕ್ಕೆ ಕೂತರೂ ತುತ್ತು ಎತ್ತಲಿಲ್ಲ. ಸಂಜೆ ದಾಖಲೆಮನೆಯಿಂದ ಜನ ಬಂದು ಅಣ್ಣ ಹೋದನೆಂದರು. ಇವರು ಮನೆಯ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ.

"ಎಲ್ಲಿಗೆ ಹೋಗಿದ್ರಿ ಅಂತ ಕೇಳಲಿಲ್ವಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. "ಮೂವತ್ನಾಲ್ಕು ವರ್ಷ ಆದ್ಮೇಲೆ ಮನೇಲಿ ಇನ್ನೊಬ್ಬರು ಉಸಿರಾಡೋದು ಕೇಳ್ತಿದೆ. ಕೇಳಿದ್ರೆ ಎದ್ದು ಹೋಗಿಬಿಡ್ತಾರೇನೋ ಅಂತ ಭಯ. ಕೇಳದೇ ಇದ್ರೆ ಅಣ್ಣ ಕಣ್ಣು ಮುಚ್ಚಕ್ಕೆ ಬಿಡಲ್ಲ. ನನ್ನ ಕೈಲಿ ಆಗಲ್ಲಮ್ಮಾ. ಅದಕ್ಕೇ ನಿಮ್ಮ ಹತ್ತಿರ ಬಂದೆ. ನಿಮ್ಮ ವಿಷಯ ಇವರಿಗೆ ಒಂದು ಮಾತೂ ಹೇಳಿಲ್ಲ. ಇಂಥವರೊಬ್ಬರು ಇದ್ದಾರೆ ಅನ್ನೋದೇ ಅವರಿಗೆ ಗೊತ್ತಿಲ್ಲ."

ಅವಳು ಇನ್‌ಸ್ಪೆಕ್ಟರಮ್ಮನ ಕೈ ಹಿಡಿದಿದ್ದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು.

ಒಳಗೆ ರೇಡಿಯೋ ನಿಂತಿತು.

ಕುರ್ಚಿ ಹಿಂದಕ್ಕೆ ಸರಿದ ಸದ್ದು. ನಿಧಾನವಾದ ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಬಾಗಿಲು ತೆರೆಯಲಿಲ್ಲ. ಆಚೆಯಿಂದ ಬಂದ ದನಿ ಮೆತ್ತಗಿತ್ತು, ಮನೆಗೆ ಬಂದವರನ್ನು ಕರೆಯುವ ಯಜಮಾನನ ದನಿಯ ಹಾಗೇ ಇತ್ತು.

"ಇನ್‌ಸ್ಪೆಕ್ಟರಮ್ಮನ್ನ ಎಷ್ಟು ಹೊತ್ತು ಹೊರಗೆ ನಿಲ್ಲಿಸ್ತೀಯಾ? ಒಳಗೆ ಕರಿ."

ತಂಗಿಯ ಕೈ ಇನ್‌ಸ್ಪೆಕ್ಟರಮ್ಮನ ಕೈಯೊಳಗೆ ತಣ್ಣಗಾಯಿತು.